ಒಂಬತ್ತನೇ ಕಾಲಂ

ಮೇಲ್ ಬಂದಾಗ ನಾನು ಹಲ್ಲುಜ್ಜುತ್ತಿದ್ದೆ. ಒಂದು ಕೈಯಲ್ಲಿ ಬ್ರಷ್, ಇನ್ನೊಂದು ಕೈಯಲ್ಲಿ ಫೋನ್. ಎರಡು ಸಾಲು ಓದುವಷ್ಟರಲ್ಲಿ ಬಾಯಿಯಲ್ಲಿದ್ದ ನೊರೆಯೆಲ್ಲ ಸ್ಕ್ರೀನಿನ ಮೇಲೆ ಬಿತ್ತು.

ಕಾಮಿಕ್ಸ್ ಮೇಳದಲ್ಲಿ ಈ ವರ್ಷ ನನಗೆ ಟೇಬಲ್ ಸಿಕ್ಕಿರಲಿಲ್ಲ. ಏಳು ವರ್ಷ ತಪ್ಪದೆ ಸಿಕ್ಕಿದ್ದು ಎಂಟನೇ ವರ್ಷ ಕೈಕೊಟ್ಟಿತ್ತು. ಅದಾದರೂ ಇರಲಿ, ಸಾವಿರಕ್ಕೂ ಮೀರಿ ಅರ್ಜಿ ಬಂದಿದ್ದವಂತೆ, ಇದ್ದದ್ದು ನಾನೂರು ಟೇಬಲ್. ನನ್ನ ತಲೆ ಕೆಡಿಸಿದ್ದು ಕೆಳಗಿದ್ದ ಪುಟ್ಟ ಟಿಪ್ಪಣಿ: "ಅರ್ಜಿದಾರರಿಗೆ ಸಂಬಂಧಿಯಾದ ಸದಸ್ಯರೊಬ್ಬರು ನಿಯಮದ ಪ್ರಕಾರ ಮತ ಹಾಕಿಲ್ಲ. ಉಳಿದ ಇಬ್ಬರು ಸದಸ್ಯರ ಮತ ಸಮವಾಗಿರುವುದರಿಂದ ಅರ್ಜಿ ತಿರಸ್ಕೃತವಾಗಿದೆ."

ಸಂಬಂಧಿ? ಯಾರಿಗೆ ಯಾರು ಸಂಬಂಧಿ? ಆ ಸಮಿತಿಯಲ್ಲಿದ್ದವರು ಮೂರೇ ಜನ, ಮೂವರನ್ನೂ ನಾನು ಬಲ್ಲೆ. ಒಬ್ಬರೂ ನಮ್ಮ ಮನೆಯ ಹೊಸಿಲು ತುಳಿದವರಲ್ಲ.

"ಅಮ್ಮಾ, ನಮ್ಮ ನೆಂಟರು ಯಾರಾದ್ರೂ ಮೇಳದ ಕಮಿಟಿಯಲ್ಲಿದ್ದಾರಾ?"

ಅಮ್ಮ ಹೊಲಿಗೆ ಮಿಷನ್ ಮುಂದೆ ಕೂತಿದ್ದಳು. ನನ್ನ ಪುಸ್ತಕಗಳ ಬೆನ್ನು ಹೊಲಿಯುವುದು ಅವಳೇ. ಮೂವತ್ತು ವರ್ಷ ರವಿಕೆ ಹೊಲಿದ ಕೈ, ಪಿನ್ನು ಹೊಡೆದ ಪುಸ್ತಕ ಕಂಡರೆ ಮೂಗು ಮುರಿಯುತ್ತಾಳೆ. ಮುನ್ನೂರು ಪ್ರತಿಯಲ್ಲಿ ಇನ್ನೂರು ಮುಗಿದಿತ್ತು.

"ಏನಾಯ್ತು?"

"ಟೇಬಲ್ ತಪ್ಪಿಹೋಯ್ತು. ಯಾರೋ ನೆಂಟರಿಂದಾನೇ ಅಂತೆ."

ಅಮ್ಮ ಒಂದು ಕ್ಷಣವೂ ಯೋಚಿಸಲಿಲ್ಲ. "ಹಾಗಾದ್ರೆ ನಿಮ್ಮಪ್ಪನ ಕಡೆಯೋರೇ," ಎಂದು ಮತ್ತೆ ಪೆಡಲ್ ತುಳಿದಳು.

*

ನಮ್ಮ ಮೇಳ ಹುಟ್ಟಿದ್ದು ಒಂದು ಲೈಬ್ರರಿಯ ಪೇಪರ್ ಓದುವ ಕೋಣೆಯಲ್ಲಿ, ಹನ್ನೊಂದು ಟೇಬಲ್‌ಗಳೊಂದಿಗೆ. ಬಂದವರು ನಲವತ್ತು ಮಂದಿ, ಅದರಲ್ಲಿ ಅರ್ಧ ಜನ ಪೇಪರ್ ಓದಲು ಬಂದು ಸಿಟ್ಟಾದವರು. ಒಬ್ಬ ಅಜ್ಜ ನನ್ನ ಟೇಬಲ್ ಮುಂದೆ ಕೂತು, ನನ್ನ ಪುಸ್ತಕವನ್ನೇ ಹಿಂದೆ ಮುಂದೆ ತಿರುಗಿಸಿ, "ಇದರಲ್ಲಿ ಹವಾಮಾನ ಎಲ್ಲಿದೆಯಮ್ಮಾ?" ಎಂದು ಕೇಳಿದರು. ನಾನು ಗಟ್ಟಿಯಾಗಿ ನಕ್ಕೆ. ನನ್ನ ನಗು ಸ್ವಲ್ಪ ಜೋರು.

ಆಗ ಬಂದವನು ಅವನು. ಅಸಿಸ್ಟೆಂಟ್ ಲೈಬ್ರರಿಯನ್. ಮೇಲಿನವರ ಹತ್ತಿರ ಜಗಳವಾಡಿ ನಮಗೆ ಆ ಕೋಣೆ ಕೊಡಿಸಿದವನು. ಉದ್ದಕ್ಕೆ, ತೆಳ್ಳಗೆ, ತೋಳು ಮಡಚಿದ ಶರ್ಟು. ಗೋಡೆಯ ಮೇಲಿದ್ದ 'ಮೌನವಾಗಿರಿ' ಬೋರ್ಡು ಬಿಚ್ಚಿ ತಂದು ನನ್ನ ಟೇಬಲ್ ಮೇಲಿಟ್ಟ.

"ಇಡೀ ರೂಮಲ್ಲಿ ಇದರ ಅವಶ್ಯಕತೆ ಇರೋದು ಇಲ್ಲಿ ಮಾತ್ರ," ಎಂದ. ಮುಖದಲ್ಲಿ ನಗುವಿನ ಸುಳಿವಿಲ್ಲ.

ನನ್ನ ಪುಸ್ತಕದ ಹೆಸರು 'ಲಿಫ್ಟಜ್ಜಿ'. ಎತ್ತರದ ಕಟ್ಟಡವೊಂದರ ಲಿಫ್ಟಿನಲ್ಲಿ ಸಿಕ್ಕಿಕೊಂಡ ಅಜ್ಜಿ, ಅಲ್ಲೇ ಸಂಸಾರ ಹೂಡುವ ಕಥೆ, ವರ್ಷಕ್ಕೊಂದು ಸಂಚಿಕೆ. ಅವನು ಅದನ್ನು ಎತ್ತಿಕೊಂಡು ನಿಂತಲ್ಲೇ ಪೂರ್ತಿ ಓದಿದ. ನಾನು ಉಸಿರು ಬಿಗಿಹಿಡಿದು ಅವನ ಹುಬ್ಬನ್ನೇ ನೋಡುತ್ತಿದ್ದೆ. ಕೊನೆಗೆ ಪುಸ್ತಕ ಮುಚ್ಚಿ ಹೇಳಿದ್ದು ಒಂದೇ ಮಾತು: "ಹದಿನಾಲ್ಕನೇ ಪುಟದಲ್ಲಿ ಅಜ್ಜಿ ಕನ್ನಡಕ ಮಾಯ ಆಗಿದೆ."

ಮೈಯೆಲ್ಲ ಉರಿದುಹೋಯಿತು. ತೆಗೆದು ನೋಡಿದರೆ ಹೌದು, ಕನ್ನಡಕ ಇರಲೇ ಇಲ್ಲ.

ಎರಡನೇ ವರ್ಷವೂ ಬಂದ. ಬಾಗಿಲು ತೆರೆಯುವ ಮೊದಲೇ, ಅಳತೆಯ ಟೇಪು ಕೈಯಲ್ಲಿ ಹಿಡಿದು. ಮೊದಲ ಪ್ರತಿ ಕೊಂಡು, ನಿಂತಲ್ಲೇ ಓದಿ, "ಲಿಫ್ಟ್ ಬಟನ್ ಎಡಗಡೆ ಇತ್ತು, ಬಲಗಡೆ ಬಂದ್ಬಿಟ್ಟಿದೆ," ಎಂದ. ಮೂರನೇ ವರ್ಷ ಮೇಳ ಸ್ಕೂಲಿನ ಒಳಾಂಗಣ ಆಟದ ಹಾಲ್‌ಗೆ ಹೋಯಿತು. ಬಾಸ್ಕೆಟ್‌ಬಾಲ್ ಬುಟ್ಟಿಯ ಕೆಳಗೆ ನನ್ನ ಟೇಬಲ್. ಅಲ್ಲಿಗೂ ಬಂದ, ಒಂದು ತಪ್ಪು ಹುಡುಕಿದ, ಹೋದ.

ನಾಲ್ಕನೇ ವರ್ಷ ನಾನು ಮಾಡಿದ ಕೆಲಸವನ್ನು ಯಾರಿಗೂ ಹೇಳಿಲ್ಲ. ಒಂದು ಚಿತ್ರದಲ್ಲಿ ಅಜ್ಜಿಯ ಎಡಗೈಗೆ ಬೇಕೆಂದೇ ಆರು ಬೆರಳು ಬರೆದೆ. ಅವನು ಹುಡುಕಲಿ ಎಂದು. ಪುಸ್ತಕದಲ್ಲಿ ತಪ್ಪೇ ಇಲ್ಲದಿದ್ದರೆ ಅವನಿಗೆ ನನ್ನ ಹತ್ತಿರ ಮಾತಾಡಲು ಏನಿರುತ್ತದೆ ಎಂಬ ಭಯ. ಇಂಥ ಬುದ್ಧಿ ನನಗೆ ಹೇಗೆ ಬಂತೋ!

ಆ ವರ್ಷ ಮೇಳವಿದ್ದದ್ದು ಮಾರ್ಕೆಟ್ ಕಟ್ಟಡದ ಕೆಳಗಿನ ಪಾರ್ಕಿಂಗ್‌ನಲ್ಲಿ. ಛಾವಣಿ ತಗ್ಗು. ರಾಕ್ಷಸರ ವೇಷ ಹಾಕಿ ಬಂದವರ ಕೊಂಬುಗಳೆಲ್ಲ ಮೇಲೆ ಕೆರೆಯುತ್ತಿದ್ದವು. ಅವನು ಕಂಬಕ್ಕೆ ಒರಗಿ ಓದಿದ. ಆರು ಬೆರಳಿನ ಪುಟಕ್ಕೆ ಬಂದ, ನಿಂತ. ಕಣ್ಣೆತ್ತಿ ನನ್ನನ್ನು ನೋಡಿದ. ಆ ನೋಟ ಬೇಕಾದ್ದಕ್ಕಿಂತ ಒಂದು ಚೂರು ಹೆಚ್ಚೇ ಹೊತ್ತು ನಿಂತಿತು.

"ಇದು ಬೇಕಂತಲೇ ಮಾಡಿದ್ದಲ್ವಾ?"

"ಇಲ್ಲಪ್ಪ! ಯಾಕೆ ಮಾಡ್ಲಿ?"

"ಅದೇ ಯೋಚಿಸ್ತಿದೀನಿ," ಎಂದು ಟೇಪನ್ನು ಸರ್ರೆಂದು ಒಳಗೆ ಬಿಟ್ಟುಕೊಂಡು ಹೋದ. ಇಡೀ ದಿನ ನಾನು ಗಿರಾಕಿಗಳಿಗೆ ಚಿಲ್ಲರೆ ತಪ್ಪಾಗಿ ಕೊಟ್ಟೆ.

ಅವನಿಗೆ ನನ್ನ ಮೇಲೆ ಮನಸ್ಸಿದೆಯೋ, ಅಥವಾ ತಪ್ಪು ಹುಡುಕುವ ಚಟವೋ? ಏಳು ವರ್ಷವಾದರೂ ನನಗೆ ಗೊತ್ತಿರಲಿಲ್ಲ. ವರ್ಷಕ್ಕೆ ಎರಡೇ ದಿನ ಕಾಣುವ ಗಂಡಸು. ಉಳಿದ ದಿನ ನಾನು ಅಜ್ಜಿಯನ್ನು ಬರೆಯುತ್ತಿದ್ದೆ, ಬರೆಯುತ್ತ ಅವನು ಓದುವುದನ್ನು ಊಹಿಸುತ್ತಿದ್ದೆ. ಪ್ರೀತಿ ಎಂದು ಅದಕ್ಕೆ ಹೆಸರಿಡಲು ಧೈರ್ಯವಿರಲಿಲ್ಲ, ಆದರೆ ಬೇರೆ ಹೆಸರೂ ಹೊಂದುತ್ತಿರಲಿಲ್ಲ.

ಮೇಳ ಬೆಳೆಯುತ್ತಾ ಹೋಯಿತು. ಸ್ಟೇಡಿಯಂ ಬಂತು, ಕೈಗೆ ಕಟ್ಟುವ ಪಟ್ಟಿ ಬಂತು, ಮೈಕಿನಲ್ಲಿ ಕೂಗುವವರು ಬಂದರು. ಮೊದಲೆಲ್ಲ ಅವನು ಟೇಪು ಹಿಡಿದು ಓಡಾಡುತ್ತ, "ನಿಮಗೆ ಕಿಟಕಿ ಪಕ್ಕ ಇಡ್ಲಾ?" ಎಂದು ಕೇಳಿ ಜಾಗ ಕೊಡುತ್ತಿದ್ದ. ಹೋದ ವರ್ಷ ಯಾರೋ, "ಲೈಬ್ರರಿ ತನ್ನವರಿಗೆ ಮಾತ್ರ ಒಳ್ಳೇ ಜಾಗ ಕೊಡ್ತಾನೆ," ಎಂದು ಆಡಿಕೊಂಡರಂತೆ. ಮೇಳದಲ್ಲಿ ಎಲ್ಲರೂ ಅವನನ್ನು ಲೈಬ್ರರಿ ಎಂದೇ ಕರೆಯುವುದು. ಮಾತು ಅವನಿಗೆ ನಾಟಿತು. ತಾನು, ಪ್ರೆಸ್ ನಡೆಸುವ ಅಕ್ಕ, ಕಾಮಿಕ್ಸ್ ಕೂಡಿಡುವ ಹಲ್ಲಿನ ಡಾಕ್ಟರು, ಹೀಗೆ ಮೂವರ ಸಮಿತಿ ಮಾಡಿದ. ಸದಸ್ಯರು ತುಂಬಬೇಕಾದ ಫಾರಂ ಅಚ್ಚು ಹಾಕಿಸಿದ. ಅದರ ಒಂಬತ್ತನೇ ಕಾಲಂನಿಂದಲೇ ನನ್ನ ಟೇಬಲ್ ಹೋದದ್ದು.

*

"ಅದು ಲೈಬ್ರರಿ ಕಣೇ," ಎಂದರು ಪ್ರೆಸ್ ಅಕ್ಕ ಫೋನಿನಲ್ಲಿ. ಹಿಂದೆ ಅಚ್ಚಿನ ಯಂತ್ರ ಗಡಗಡ ಎನ್ನುತ್ತಿತ್ತು. "ನಿನ್ನ ಅರ್ಜಿ ಬಂದ ತಕ್ಷಣ, ಇದಕ್ಕೆ ನಾನು ಮತ ಹಾಕೋ ಹಾಗಿಲ್ಲ ಅಂತ ಎದ್ದು ಹೊರಗೆ ಹೋಗ್ಬಿಟ್ಟ. ನಾನು ನಿನಗೆ ಹಾಕ್ದೆ. ಡಾಕ್ಟರು, ಅರ್ಜಿ ಜೊತೆ ಕೊನೇ ಸಂಚಿಕೆ ಪೂರ್ತಿ ಕೊಟ್ಟಿಲ್ಲ, ಆಗಲ್ಲ ಅಂದ್ರು. ಒಂದಕ್ಕೊಂದು ಸಮ ಆಯ್ತು."

"ಅವರು ನನ್ನ ನೆಂಟರಾ? ಯಾವ ಕಡೆಯಿಂದ?"

"ಅದನ್ನ ನೀನು ಹೇಳ್ಬೇಕು! ನಾನು ಸೋದರತ್ತೆ ಮಗ ಇರ್ಬೇಕು ಅಂದ್ಕೊಂಡೆ. ಡಾಕ್ಟರು, ತಂಗಿ ಇರ್ಬೇಕು ಅಂದ್ರು."

"ತಂಗೀನಾ?"

"ಒಂಬತ್ತನೇ ಕಾಲಂನಲ್ಲಿ ಏನೋ ಬರ್ದಿದಾನಮ್ಮ. ಲಕೋಟೆಗೆ ಹಾಕಿ ಅಂಟಿಸಿದಾನೆ, ನಾವು ತೆಗೆಯೋ ಹಾಗಿಲ್ಲ. ಅದೂ ಅವನದೇ ರೂಲು."

ಫೋನ್ ಇಟ್ಟ ಮೇಲೆ ನನಗೆ ಯಾವುದಕ್ಕೆ ಸಿಟ್ಟು ಮಾಡಬೇಕೆಂದೇ ತಿಳಿಯಲಿಲ್ಲ. ಟೇಬಲ್ ಹೋದದ್ದಕ್ಕೋ? ಸುಳ್ಳು ನೆಂಟಸ್ತಿಕೆ ಕಟ್ಟಿದ್ದಕ್ಕೋ? ಇಲ್ಲ, ಇಲ್ಲ. ಎದೆಯಲ್ಲಿ ಮುಳ್ಳಿನಂತೆ ಚುಚ್ಚುತ್ತಿದ್ದದ್ದು ತಂಗಿ ಎಂಬ ಆ ಒಂದು ಮಾತು. ನಾನು ಆರು ಬೆರಳು ಬರೆದದ್ದು, ಏಳು ವರ್ಷ ಕಾದದ್ದು, ಅವನು ನನ್ನನ್ನು ತಂಗಿ ಎನ್ನಲೆಂದೇ?

ಮರುದಿನ ಬೆಳಿಗ್ಗೆ ಲೈಬ್ರರಿ ಬಾಗಿಲು ತೆರೆಯುವ ಹೊತ್ತಿಗೆ ಹೋಗಿ ಅವನ ಕೌಂಟರ್ ಮುಂದೆ ನಿಂತೆ. ಅವನು ಪುಸ್ತಕಗಳಿಗೆ ತಾರೀಖಿನ ಸೀಲು ಒತ್ತುತ್ತಿದ್ದ.

ಪಿಸುಮಾತಿನಲ್ಲೇ ಕೇಳಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡಿದ್ದೆ. ನನ್ನ ಗಂಟಲು ಅಂಥದ್ದಕ್ಕೆ ಮಾಡಿದ್ದಲ್ಲ.

"ನಾನು ನಿಮಗೆ ಏನಾಗಬೇಕು?"

ಓದುತ್ತಿದ್ದವರೆಲ್ಲ ತಲೆ ಎತ್ತಿದರು. ಅವನು ಸೀಲನ್ನು ಪುಸ್ತಕದ ಬದಲು ತನ್ನ ಎಡಗೈ ಮೇಲೆ ಒತ್ತಿಕೊಂಡ.

"ಮೆಲ್ಲಗೆ," ಎಂದ.

"ಉತ್ತರ ಕೊಡಿ, ಮೆಲ್ಲಗಾಗ್ತೀನಿ."

"ಅರ್ಜಿ ವಿಷಯ ಮೇಳ ಮುಗಿಯೋವರೆಗೂ ಮಾತಾಡೋ ಹಾಗಿಲ್ಲ."

"ಯಾರು ಮಾಡಿದ ರೂಲು?"

"ನಾನೇ."

"ತಂಗಿ ಅಂತ ಬರ್ದಿದೀರಾ?"

"ಛೆ!" ಎಂದ. ಒಂದು ಕ್ಷಣ ಬಿಟ್ಟು ಇನ್ನೂ ಜೋರಾಗಿ, "ಛೆ ಛೆ!"

ಪೇಪರ್ ಓದುತ್ತಿದ್ದವರೊಬ್ಬರು ಅವನಿಗೇ "ಶ್!" ಎಂದರು. ಲೈಬ್ರರಿಯನ್‌ಗೇ ಶ್ ಎನ್ನಿಸಿಕೊಂಡ ಅವನ ಕಿವಿ ಕೆಂಪಾಯಿತು. ನೋಡುತ್ತಿದ್ದಂತೆ ಕುತ್ತಿಗೆಯೂ ಕೆಂಪಾಯಿತು. ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಆ ಮೂರು ಛೆಗಳಿಗೆ ಏನರ್ಥ? ತಂಗಿಯಲ್ಲ ಎಂದೋ, ನಿನ್ನಂಥ ತಂಗಿ ಬೇಡ ಎಂದೋ? ತಲೆ ಕೆಟ್ಟು ಮೊಸರಾಗಿತ್ತು.

*

ಮೇಳದ ದಿನ ನಾನು ಎಲ್ಲರಂತೆ ಟಿಕೆಟ್ ತೆಗೆದುಕೊಂಡು ಕ್ಯೂನಲ್ಲಿ ನಿಂತೆ. ಹೋಗುವುದೇ ಇಲ್ಲ ಎಂದು ಹಟ ಹಿಡಿದಿದ್ದೆ. ಅಮ್ಮ ಮುನ್ನೂರು ಪ್ರತಿ ಹೊಲಿದು ಮುಗಿಸಿ, ಎರಡು ಪೆಟ್ಟಿಗೆಗೆ ತುಂಬಿ, ಆಟೋ ಕರೆದಿದ್ದಳು. "ಟೇಬಲ್ ಇಲ್ಲಮ್ಮಾ, ಟೇಬಲ್ ಇಲ್ದೇ ಗೇಟಿನ ಒಳಗೂ ಮಾರಂಗಿಲ್ಲ, ಹೊರಗೂ ಮಾರಂಗಿಲ್ಲ," ಎಂದರೆ, "ಜೊತೆಗಿರ್ಲಿ," ಎಂದಳು. ಅವಳ ಹತ್ತಿರ ವಾದ ಮಾಡಿ ಗೆದ್ದವರಿಲ್ಲ.

ಕ್ಯೂ ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ ಎಂದು ಕಾಣುತ್ತಿರಲಿಲ್ಲ. ಹನ್ನೊಂದು ಟೇಬಲ್‌ನ ಮೇಳ ಇಷ್ಟಾಗಿದೆಯೇ? ಟೇಬಲ್ ಹಿಂದೆ ಕೂತವಳಿಗೆ ಇದು ಯಾವತ್ತೂ ಕಂಡಿರಲಿಲ್ಲ. ಹೆಮ್ಮೆಯೂ ಆಯಿತು, ಹೊರಗೆ ಹಾಕಿಸಿಕೊಂಡವಳ ಅವಮಾನವೂ ಆಯಿತು. ಯಾವುದು ಹೆಚ್ಚು ಎಂದು ಕೇಳಿದರೆ ಹೇಳಲಾರೆ.

ಹಿಂದಿನಿಂದ ಯಾರೋ ಭುಜ ತಟ್ಟಿದರು. ನರ್ಸ್ ಯೂನಿಫಾರಂನಲ್ಲಿದ್ದ ಹೆಂಗಸು.

"ನೀವು ಲಿಫ್ಟಜ್ಜಿಯವರಲ್ವಾ? ಈ ಸಲ ಕೊನೇದಂತೆ. ಯಾವ ಟೇಬಲ್ ನಿಮ್ದು?"

"ಈ ಸಲ... ಇಲ್ಲ."

"ಇಲ್ಲ ಅಂದ್ರೆ? ಅಜ್ಜಿ ಹೊರಗೆ ಬರ್ತಾಳೋ ಇಲ್ವೋ ಅಂತ ನಮ್ಮ ವಾರ್ಡಲ್ಲಿ ಮೂರು ಜನ ಬೆಟ್ ಕಟ್ಟಿದಾರೆ. ಡ್ಯೂಟಿ ಬದಲಾಯಿಸ್ಕೊಂಡು ಬಂದಿದೀನಿ ನಾನು!"

ಅವಳ ಮುಖ ನೋಡಲಾಗದೆ ಪೆಟ್ಟಿಗೆಯ ದಾರ ಸರಿಮಾಡುವಂತೆ ಬಗ್ಗಿದೆ. ಏಳು ವರ್ಷ ಕಾದವರು ಇವರು. ಮುಂದಿನ ಮೇಳಕ್ಕೆ ಇನ್ನೊಂದು ವರ್ಷ. ಅಷ್ಟರಲ್ಲಿ ಯಾರು ನೆನಪಿಟ್ಟುಕೊಳ್ಳುತ್ತಾರೆ? ಆಗಲೇ ಫೋನ್ ಬಂತು. ಪ್ರೆಸ್ ಅಕ್ಕ.

"ಎಲ್ಲಿದೀಯಾ? ಓಡ್ಬಾ ಆಫೀಸಿಗೆ. ಒಂದು ಟೇಬಲ್ ಖಾಲಿ ಆಗಿದೆ!"

*

ಆಫೀಸು ಎಂದರೆ ಸ್ಟೇಡಿಯಂ ಹಾಲ್‌ನ ಹಿಂಬದಿಯ ಪುಟ್ಟ ಕೋಣೆ. ಒಂದರ ಮೇಲೊಂದು ಪೇರಿಸಿದ ಪ್ಲಾಸ್ಟಿಕ್ ಕುರ್ಚಿಗಳು, ಗೋಡೆ ತುಂಬ ಹಾಲ್‌ನ ನಕ್ಷೆ, ಅದರಲ್ಲಿ ನಾನೂರು ಚೌಕ. ಇನ್ನೂರ ಹದಿನಾಲ್ಕನೆಯ ಚೌಕಕ್ಕೆ ಕೆಂಪು ಗೆರೆ ಹೊಡೆದಿತ್ತು. ಅದನ್ನು ಪಡೆದವರಿಗೆ ಜ್ವರ ಬಂದು ಬರುವುದಿಲ್ಲ ಎಂದಿದ್ದರಂತೆ.

"ಮತ ಸಮ ಆದವರೂ ಕಾದಿರೋರ ಪಟ್ಟಿಯಲ್ಲಿರ್ತಾರೆ, ಅದರಲ್ಲಿ ಮೊದಲು ನೀವು," ಎಂದರು ಡಾಕ್ಟರು. ಬಾಯಿ ದೊಡ್ಡದಾಗಿ ತೆರೀರಿ ಎನ್ನುವ ಧಾಟಿಯಲ್ಲೇ ಅವರ ಎಲ್ಲ ಮಾತು. "ಆಮೇಲೆ ಇರುವೆ ಕಾಮಿಕ್ಸ್ ಮಾಡೋ ಅಣ್ಣತಮ್ಮ. ಆದ್ರೆ ನಿಮ್ಮ ಮತ ಇನ್ನೂ ಸಮವಾಗೇ ಇದೆ. ನಾನು ನನ್ನ ಮತ ಬದಲಾಯಿಸಲ್ಲ, ತಪ್ಪು ತಿಳ್ಕೋಬೇಡಿ. ಮೂರನೇ ಮತ ಬಿದ್ರೆ ಮಾತ್ರ ನಿಮಗೆ."

"ಮೂರನೇ ಮತ ಹಾಕಲ್ಲ ಅಂತಾನಲ್ಲ ಅವ್ನು," ಎಂದರು ಅಕ್ಕ. "ಅದಕ್ಕೇ ಲಕೋಟೆ ತೆಗೆಯೋಣ ಅಂತ. ಅರ್ಜಿದಾರರು ಎದುರಿಗಿದ್ರೆ ತೆಗೀಬಹುದು ಅಂತಿದೆ ರೂಲು. ಅದೆಂಥ ನೆಂಟಸ್ತಿಕೆ ನೋಡೇಬಿಡೋಣ. ದೂರದ್ದಾದ್ರೆ ಲೆಕ್ಕಕ್ಕಿಲ್ಲ."

ಡಾಕ್ಟರು ಲಕೋಟೆ ಹರಿದು ಫಾರಂ ಮೇಜಿನ ಮೇಲೆ ಹರಡಿದರು. ಮೂವರೂ ಒಟ್ಟಿಗೆ ಬಗ್ಗಿದೆವು.

ಒಂಬತ್ತು. ಅರ್ಜಿದಾರರು ನಿಮಗೆ ಏನಾಗಬೇಕು?

ಅದರ ಕೆಳಗೆ ಅವನ ದುಂಡನೆಯ ಅಕ್ಷರ: "ಸದ್ಯಕ್ಕೆ ಏನೂ ಅಲ್ಲ. ಆದರೆ ಮೇಳ ಶುರುವಾದ ವರ್ಷದಿಂದ ಅವರನ್ನು ಪ್ರೀತಿಸುತ್ತಿದ್ದೇನೆ. ಅವರಿಗೆ ಈ ವಿಷಯ ತಿಳಿದಿಲ್ಲ. ಅವರ ಪುಸ್ತಕ ಹೇಗಿದ್ದರೂ ನನ್ನ ಮತ ಅವರಿಗೇ ಬೀಳುತ್ತದೆ. ಆದ್ದರಿಂದ ನಾನು ಮತ ಹಾಕುವುದು ಉಳಿದವರಿಗೆ ನ್ಯಾಯವಲ್ಲ."

ಅಕ್ಕ ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಹಾಕಿಕೊಂಡು ಇನ್ನೊಮ್ಮೆ ಓದಿದರು. ಡಾಕ್ಟರು ಕೆಮ್ಮಿದರು. ನಾನು ಕೈಗೆ ಸಿಕ್ಕ ಕುರ್ಚಿಯಲ್ಲಿ ಕೂತೆ.

"ಅಯ್ಯೋ ನನ್ನಪ್ಪ," ಎಂದರು ಅಕ್ಕ ಕೊನೆಗೆ. "ಇದನ್ನ ನಾನು ಸೋದರತ್ತೆ ಮಗ ಅಂದ್ಕೊಂಡಿದ್ದೆ!"

ಡಾಕ್ಟರು ಫಾರಂನ ಹಿಂಬದಿ ತಿರುಗಿಸಿದರು. ಅಲ್ಲಿ ಸಣ್ಣ ಅಕ್ಷರದ ನಿಯಮಗಳಿದ್ದವು. "ನೋಡಿ, ಇದು ಒಂದೇ ಕಡೆಯದು. ಸಂಬಂಧ ಅಂದ್ರೆ ಎರಡೂ ಕಡೆ ಇರ್ಬೇಕು. ಬರೀ ಅವನ ಕಡೆಯಿಂದಾದ್ರೆ ಅದು ಅವನ ತಲೆನೋವು, ಸಮಿತಿಯದಲ್ಲ. ನಿಮ್ಮ ಕಡೆಯಿಂದ ಏನೂ ಇಲ್ಲ ಅಂತ ಇಲ್ಲಿ ಒಂದು ಸಾಲು ಬರೆದು ಸೈನ್ ಮಾಡಿ. ಅವನು ಮತ ಹಾಕಲೇಬೇಕಾಗುತ್ತೆ. ಟೇಬಲ್ ನಿಮ್ಮದು."

"ನನ್ನ ಕಡೆಯಿಂದ ಇದೆ ಅಂದ್ರೆ?"

ಡಾಕ್ಟರು ಹುಬ್ಬೇರಿಸಿದರು. "ಆಗ ಮತ ಸಮ. ಇರುವೆಯವರನ್ನ ಕರೀತೀವಿ. ಗೇಟ್ ತೆರೆಯೋಕೆ ಇನ್ನು ಹತ್ತೇ ನಿಮಿಷ ಇದೆ."

ಬಾಗಿಲು ತೆರೆಯಿತು. ಅಕ್ಕ ಕರೆಸಿದ್ದರಿಂದ ಅವನು ಓಡಿ ಬಂದಿದ್ದ. ಸೊಂಟದಲ್ಲಿ ಟೇಪು, ಕಿವಿಯ ಹಿಂದೆ ಪೆನ್ಸಿಲ್. ನನ್ನನ್ನು ನೋಡಿದ. ಮೇಜಿನ ಮೇಲೆ ಹರಿದ ಲಕೋಟೆ ನೋಡಿದ. ಅವನ ಮುಖದಿಂದ ರಕ್ತವೆಲ್ಲ ಇಳಿದುಹೋದದ್ದು ಕಣ್ಣಿಗೆ ಕಾಣುವಂತಿತ್ತು.

"ಡಾಕ್ಟರೇ, ಬನ್ನಿ, ಮೈಕ್ ಸರಿ ಇದೆಯಾ ನೋಡೋಣ," ಎಂದು ಅಕ್ಕ ಅವರ ತೋಳು ಹಿಡಿದರು.

"ಮೈಕ್ ಸರಿಯಾಗೇ ಇದೆಯಲ್ಲ."

"ಬನ್ನಿ ಅಂದ್ರೆ ಬನ್ನಿ!"

ಇಬ್ಬರೇ ಉಳಿದೆವು. ನಡುವೆ ಮೇಜು, ಮೇಜಿನ ಮೇಲೆ ಫಾರಂ, ಅದರ ಮೇಲೆ ಪೆನ್ನು. ಹೊರಗೆ ಸಾವಿರಾರು ಜನರ ಗುಜುಗುಜು.

ಏಳು ವರ್ಷ ಕಾದ ಗಳಿಗೆ ಬಂದಾಗ ನನ್ನ ಬಾಯಿಂದ ಬಂದದ್ದು ಜಗಳ.

"ನಿಮ್ಮ ಮನಸ್ಸಲ್ಲಿರೋದು ನನಗಿಂತ ಮೊದಲು ಒಬ್ಬ ಹಲ್ಲಿನ ಡಾಕ್ಟರಿಗೆ ಗೊತ್ತಾಯ್ತಲ್ರೀ!"

"ಒಟ್ಟಿಗೇ ಓದಿದ್ರಲ್ವಾ?" ಎಂದ ಪಾಪದ ದನಿಯಲ್ಲಿ.

"ಅದು ಮುಖ್ಯಾನಾ? ಫಾರಂಗೆ ಹೇಳೋಕಾಯ್ತು, ನನಗೆ ಹೇಳೋಕಾಗ್ಲಿಲ್ವಾ?"

"ಫಾರಂ ಕೇಳ್ತು. ನೀವು ಕೇಳ್ಲಿಲ್ಲ."

"ಲೈಬ್ರರಿಗೆ ಬಂದು ಎಲ್ಲರ ಮುಂದೆ ಕೇಳಿದ್ನಲ್ಲಾ!"

ಅವನು ಕುತ್ತಿಗೆ ಕೆರೆದುಕೊಂಡ. "ಅದು ಹೌದು. ಆವತ್ತು ಹೇಳ್ಬೇಕಿತ್ತು. ಹೆದರಿಕೆ ಆಯ್ತು. ವರ್ಷಕ್ಕೆ ಎರಡೇ ದಿನ ಸಿಗ್ತೀರಿ. ಇಲ್ಲ ಅಂದ್ಬಿಟ್ರೆ ಆ ಎರಡು ದಿನಾನೂ ಹೋಗುತ್ತೆ. ಅದಕ್ಕೆ ಸುಮ್ನೆ ಬೆರಳು ಎಣಿಸ್ತಾ, ಬಟನ್ ನೋಡ್ತಾ ಇದ್ದೆ."

ನಗು ಬಂತು, ಅಳುವೂ ಬಂತು. ಎರಡನ್ನೂ ನುಂಗಿದೆ. "ಸುಮ್ನೆ ಮತ ಹಾಕ್ಬಿಟ್ಟಿದ್ರೆ ಏನಾಗ್ತಿತ್ತು? ಯಾರಿಗೆ ಗೊತ್ತಾಗ್ತಿತ್ತು?"

"ನನಗೆ ಗೊತ್ತಾಗ್ತಿತ್ತು. ನಿಮ್ಮ ಟೇಬಲ್ ನಿಮ್ಮ ಪುಸ್ತಕದಿಂದ ಬಂತೋ ನನ್ನಿಂದ ಬಂತೋ ಅಂತ ಪ್ರತಿ ವರ್ಷ ಅನುಮಾನ ಬರ್ತಿತ್ತು. ನಿಮ್ಮ ಪುಸ್ತಕಕ್ಕೆ ಹಾಗೆ ಮಾಡೋಕೆ ಮನಸ್ಸು ಬರ್ಲಿಲ್ಲ."

ಅಷ್ಟು ಹೇಳಿ ಅವನು ಪೆನ್ನನ್ನು ನನ್ನ ಕಡೆ ಸರಿಸಿದ. "ಡಾಕ್ಟರು ಹೇಳಿರ್ಬೇಕಲ್ಲ? ಬರೀರಿ. ನನ್ನ ಕಡೆಯಿಂದ ಏನೂ ಇಲ್ಲ ಅಂತ ಬರೀರಿ. ಒಂದು ಸಾಲು. ಹೊರಗೆ ಅಷ್ಟು ಜನ ಅಜ್ಜಿಗೋಸ್ಕರ ಕಾಯ್ತಿದಾರೆ. ನಾನೇನೂ ಅಂದ್ಕೊಳ್ಳಲ್ಲ."

"ಅದು ನಿಜ ಆಗಿದ್ರೆ?"

ಅವನು ತಡಬಡಾಯಿಸಿದ. "ನಿಜ ಆಗಿದ್ರೆ... ಬರಿಯೋದು ಸುಲಭ."

"ಸುಳ್ಳಾಗಿದ್ರೆ?"

ಅವನು ತಲೆ ಎತ್ತಿದ. ಪಾರ್ಕಿಂಗ್‌ನ ಕಂಬದ ಹತ್ತಿರ ನೋಡಿದ ಅದೇ ನೋಟ, ಆದರೆ ಈ ಸಲ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನನ್ನ ಕೆನ್ನೆ ಬಿಸಿಯಾಯಿತು. ನಾನೇ ಕಣ್ಣು ತಪ್ಪಿಸಿ ಪೆನ್ನು ಎತ್ತಿಕೊಂಡೆ.

ಹೇಳಿಬಿಡುತ್ತೇನೆ, ಬರೆಯಬೇಕೆಂದೇ ಎತ್ತಿಕೊಂಡದ್ದು. ಅಮ್ಮ ಹೊಲಿದ ಮುನ್ನೂರು ಪುಸ್ತಕ ಕಣ್ಣ ಮುಂದೆ ಬಂತು. ಆ ನರ್ಸ್ ಬಂದಳು. ಒಂದು ಸಾಲು ಸುಳ್ಳು ಬರೆದರೆ ಯಾರ ಗಂಟು ಹೋಗುತ್ತದೆ? ಸುಳ್ಳು ಬರೆಯುವುದೇ ನನ್ನ ಕಸುಬು. ಎಷ್ಟು ಪಾತ್ರಗಳ ಬಾಯಲ್ಲಿ ಎಷ್ಟು ಸುಳ್ಳು ಆಡಿಸಿಲ್ಲ ನಾನು! ಅವನಿಗೂ ನಿಜ ಗೊತ್ತಾಗಿದೆ, ನನಗೂ ಗೊತ್ತಿದೆ. ಕಾಗದದ ಮೇಲೆ ಏನಿದ್ದರೇನು?

'ನನ್ನ ಕಡೆಯಿಂದ' ಎಂದು ಬರೆದೆ. ಅಲ್ಲಿಗೆ ಕೈ ನಿಂತುಬಿಟ್ಟಿತು.

ಇವನು ಮಾತ್ರ ಕಾಗದದ ಮೇಲೆ ನಿಜ ಬರೆದಿದ್ದ. ಯಾರೂ ನೋಡದ ಲಕೋಟೆಯೊಳಗೆ, ತನಗೆ ಏನೂ ಲಾಭವಿಲ್ಲದೆ, ನಷ್ಟವೇ ಹೆಚ್ಚಿದ್ದರೂ ಬರೆದಿದ್ದ. ಅದರ ಕೆಳಗೇ ನಾನು ಸುಳ್ಳು ಬರೆಯಬೇಕಿತ್ತು. ಬರೆದರೆ ಇನ್ನೂರ ಹದಿನಾಲ್ಕರಲ್ಲಿ ಕೂತು ಇಡೀ ದಿನ ನಗುತ್ತಾ ಪುಸ್ತಕ ಮಾರುತ್ತಿದ್ದೆ, ನಿಜ. ಸಂಜೆ ಅವನು ಎದುರು ಬಂದಾಗ ಅವನ ಮುಖ ಹೇಗೆ ನೋಡುವುದು? ಈ ಮನುಷ್ಯನಿಗಾಗಿ ನಾನು ಬೇಕೆಂದೇ ತಪ್ಪು ಮಾಡಿದ್ದೇನೆ, ಆದರೆ ಅವನು ಹುಡುಕಿ ತೋರಿಸಿದಾಗ ನಾಚಿಕೆಯಾಗುವಂಥ ತಪ್ಪು ಒಂದೂ ಮಾಡಿರಲಿಲ್ಲ.

ಬಾಗಿಲು ತಟ್ಟಿ ಡಾಕ್ಟರು ಒಳಗೆ ಬಂದರು. "ಟೈಮಾಯ್ತು. ಬರೆದಾಯ್ತಾ?"

"ಇನ್ನೊಂದು ಪದ," ಎಂದೆ.

'ನನ್ನ ಕಡೆಯಿಂದಲೂ ಇದೆ' ಎಂದು ಪೂರ್ತಿ ಮಾಡಿ, ಸೈನ್ ಹಾಕಿ, ಫಾರಂ ತಿರುಗಿಸಿ ಅವನ ಮುಂದಿಟ್ಟೆ. ಡಾಕ್ಟರ ಮುಂದಲ್ಲ.

ಅವನು ಓದಿದ. ಮೊದಲ ವರ್ಷ ನಿಂತಲ್ಲೇ ಓದಿದ ಹಾಗೆ, ಒಂದೊಂದೇ ಅಕ್ಷರ. "ಏನ್ ಮಾಡಿದ್ರಿ ನೀವು?" ಎಂದ. "ಟೇಬಲ್ ಹೋಯ್ತಲ್ರೀ."

"ಗೊತ್ತು."

"ಯೋಚನೆ ಮಾಡಿದ್ರಾ?"

"ಯೋಚನೆ ಮಾಡಿದ್ರೆ ಬರೀತಿರ್ಲಿಲ್ಲ. ಸುಮ್ನಿರಿ, ಇನ್ನೊಂದು ಸಲ ಕೇಳಿದ್ರೆ ಹರಿದು ಹಾಕ್ತೀನಿ."

ಡಾಕ್ಟರು ಫಾರಂ ಎತ್ತಿ ಓದಿದರು. ನನ್ನನ್ನು ನೋಡಿದರು, ಅವನನ್ನು ನೋಡಿದರು. ಸೀಲು ಒತ್ತಿ, ಹೊರಗೆ ಹೋಗಿ ಯಾರಿಗೋ ಏನೋ ಹೇಳಿದರು. ಸ್ವಲ್ಪ ಹೊತ್ತಿಗೆ ಕಾರಿಡಾರ್‌ನಲ್ಲಿ ಯಾರೋ, "ಸಿಕ್ತು ಕಣೋ! ಸಿಕ್ತು!" ಎಂದು ಕುಣಿದಾಡುವುದು ಕೇಳಿಸಿತು. ಇರುವೆಯ ಅಣ್ಣತಮ್ಮ ಇರಬೇಕು. ಅವರ ಚಕ್ರದ ಪೆಟ್ಟಿಗೆ ಗಡಗಡನೆ ಇನ್ನೂರ ಹದಿನಾಲ್ಕರ ಕಡೆಗೆ ಓಡಿತು.

ಆಗ ನನಗೆ ಅಳು ಬಂತು. ಚಿಕ್ಕದಾಗಿ ಅಳುವ ಅಭ್ಯಾಸ ನನಗಿಲ್ಲ. ಅವನು ಮೇಜು ಸುತ್ತಿ ಬಂದು ಪಕ್ಕದಲ್ಲಿ ನಿಂತ. ಏನು ಮಾಡಬೇಕೆಂದು ತಿಳಿಯದೆ ಒಂದು ಕೈ ಮುಂದೆ ಚಾಚಿದ, ಹಿಂದೆ ಎಳೆದುಕೊಂಡ, ಮತ್ತೆ ಚಾಚಿದ. ಕೊನೆಗೆ ನಾನೇ ಹಿಡಿದುಕೊಂಡೆ.

"ಖುಷಿಗೆ ಅಳ್ತಿದೀನಿ ಅಂದ್ಕೋಬೇಡಿ," ಎಂದೆ ಬಿಕ್ಕುತ್ತಾ. "ಟೇಬಲ್‌ಗೆ ಅಳ್ತಿರೋದು."

"ಗೊತ್ತು," ಎಂದ.

ಗೊತ್ತಿದ್ದೂ ಕೈ ಬಿಡಲಿಲ್ಲ. ಹೊರಗೆ ಗೇಟು ತೆರೆದರು. ಜನ ಒಳಗೆ ನುಗ್ಗುವ ಸದ್ದಿಗೆ ಪೇರಿಸಿಟ್ಟ ಕುರ್ಚಿಗಳೆಲ್ಲ ಅದುರಿದವು, ನಾನು ಅವನ ಶರ್ಟಿನ ತೋಳು ಒದ್ದೆಯಾಗುವವರೆಗೂ ಅತ್ತೆ.